ಮನೆಯಲ್ಲೇ ಕಟ್ಟಿದ ವೇಕ್ ಶೇಪರ್: ಹಳೆಯ ದೋಣಿಯ ಹಿಂದೆ ಹೊಸ ಅಲೆ

ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆಯೊಂದರಲ್ಲಿ ನಿಂತು, ಕೈಯಲ್ಲಿದ್ದ ಹಗ್ಗವನ್ನು ದೋಣಿಯೊಳಕ್ಕೆ ಎಸೆದು, ಆಮೇಲೆ ಅಲೆ ತಳ್ಳಿದಷ್ಟು ಹೊತ್ತೂ ಜಾರುತ್ತ ಸಾಗುವ ಆಟಕ್ಕೆ ವೇಕ್‌ಸರ್ಫಿಂಗ್ ಎನ್ನುತ್ತಾರೆ. ನಾವಿರುವ ಟೆಕ್ಸಸ್‌ನ ಆಸ್ಟಿನ್ ಸುತ್ತಮುತ್ತಲ ಸರೋವರಗಳಲ್ಲಿ ಬೇಸಿಗೆ ಬಂತೆಂದರೆ ಇದರದೇ ಭರಾಟೆ. ಆದರೆ ಈ ಆಟಕ್ಕೆಂದೇ ತಯಾರಾದ ಹೊಸ ದೋಣಿಯ ಬೆಲೆ ಸಲೀಸಾಗಿ ಒಂದು ಲಕ್ಷ ಡಾಲರ್ ದಾಟುತ್ತದೆ. ಹಳೆಯ ದೋಣಿ ಇಟ್ಟುಕೊಂಡವರು ಅಲೆಯನ್ನು ತಿದ್ದಲು ದೋಣಿಯ ಪಕ್ಕಕ್ಕೆ ಅಂಟಿಸುವ ವೇಕ್ ಶೇಪರ್ ಎಂಬ ಸಾಧನವನ್ನು ಅಂಗಡಿಯಲ್ಲಿ ಕೊಳ್ಳಬೇಕು, ಇಲ್ಲವೇ ತಾವೇ ಕಟ್ಟಿಕೊಳ್ಳಬೇಕು. ನಾನೂ ನನ್ನ ಹೆಂಡತಿಯ ತಮ್ಮನೂ ಸೇರಿ ನಮ್ಮ 21 ಅಡಿಯ ಹಳೆಯ ವಿ-ಡ್ರೈವ್ ದೋಣಿಗೆ (ಎಂಜಿನ್ ಹಿಂಬದಿಯಲ್ಲೂ ಪ್ರೊಪೆಲರ್ ಒಡಲಿನ ಅಡಿಯಲ್ಲೂ ಇರುವ ಬಗೆ) ಅಂಥದೊಂದನ್ನು ಗ್ಯಾರೇಜಿನಲ್ಲೇ ಕಟ್ಟಿದೆವು. ಕಳೆದ ಬೇಸಿಗೆಯುದ್ದಕ್ಕೂ ಅದನ್ನು ಲೇಕ್ ಟ್ರಾವಿಸ್‌ನಲ್ಲಿ ಬಳಸಿ ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಲೆಯನ್ನು ತಿದ್ದುವ ಹಲಗೆಯನ್ನು ಮಾಡುವುದು ಸುಲಭ, ಅದು ದೋಣಿಯ ಮೈಯನ್ನು ಕಚ್ಚಿ ಹಿಡಿದು ನಿಲ್ಲುವಂತೆ ಮಾಡುವುದೇ ನಿಜವಾದ ಕೆಲಸ. ಹಣವನ್ನೂ ತಾಳ್ಮೆಯನ್ನೂ ಆ ಹಿಡಿತಕ್ಕೆ ಸುರಿಯಲು ಸಿದ್ಧರಿರುವವರಿಗೆ ಈ ಸಾಧನವನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಉಳಿದವರು ಅಂಗಡಿಯದನ್ನೇ ಕೊಳ್ಳುವುದು ಮೇಲು.

ಇದು ಕೆಲಸ ಮಾಡುವ ಬಗೆಯನ್ನು ಅರಿತುಕೊಳ್ಳದೆ ಕಟ್ಟಲು ಹೊರಟರೆ ಎಲ್ಲಿ ಏನನ್ನು ಇಡಬೇಕೆಂಬುದೇ ತಿಳಿಯುವುದಿಲ್ಲ. ಸಾಗುತ್ತಿರುವ ದೋಣಿ ತನ್ನ ಒಡಲಿನಷ್ಟು ನೀರನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ, ಅದರ ಬೆನ್ನ ಹಿಂದೆ ನೀರಿನಲ್ಲೊಂದು ಹಳ್ಳ ಬೀಳುತ್ತದೆ. ಆ ಹಳ್ಳವನ್ನು ತುಂಬಲು ಎಡದಿಂದಲೂ ಬಲದಿಂದಲೂ ನೀರು ಒಟ್ಟಿಗೇ ನುಗ್ಗಿ ಬಂದು, ದೋಣಿಯ ಹಿಂದೆಯೇ ಡಿಕ್ಕಿ ಹೊಡೆದು, ಎರಡೂ ಕಡೆಯ ಅಲೆಗಳು ನೊರೆಯಾಗಿ ಕಲಸಿಹೋಗುತ್ತವೆ. ಅಲೆಗೆ ಎತ್ತರವಿದ್ದರೂ ಸವಾರಿಗೆ ಬೇಕಾದ ನಯವಾದ ಇಳಿಜಾರು ಅಲ್ಲಿ ಉಳಿದಿರುವುದಿಲ್ಲ. ಈಗ ದೋಣಿಯ ಬಲಪಕ್ಕದಲ್ಲಿ, ಹಿಂತುದಿಗೆ ಹತ್ತಿರವಾಗಿ, ನೀರಿನೊಳಗೆ ಒಂದು ಹಲಗೆಯನ್ನು ಓರೆಯಾಗಿ ಚಾಚಿ ನಿಲ್ಲಿಸಿದೆವೆನ್ನಿ. ಕಾಲುವೆಯಲ್ಲಿ ಒಂದು ಹೆಂಟೆ ಮಣ್ಣನ್ನು ಅಡ್ಡ ಇಟ್ಟಾಗ ನೀರು ಅದನ್ನು ಬಳಸಿಕೊಂಡು ಹೋಗುವಂತೆ ಬಲಗಡೆಯ ಹರಿವು ಹೊರಕ್ಕೆ ತಿರುಗಿ, ಹಳ್ಳಕ್ಕೆ ಬಂದು ಸೇರುವುದು ತುಸು ತಡವಾಗುತ್ತದೆ. ಅಷ್ಟರಲ್ಲಿ ಎಡಗಡೆಯ ಅಲೆ ಯಾವ ಅಡ್ಡಿಯೂ ಇಲ್ಲದೆ ಎದ್ದು, ಉದ್ದಕ್ಕೆ ಚಾಚಿ, ಕನ್ನಡಿಯಂಥ ಮುಖವನ್ನು ಪಡೆಯುತ್ತದೆ. ಹೊಸಬರಿಗೆ ಗೊಂದಲವಾಗುವುದು ಇಲ್ಲಿಯೇ: ಸಾಧನವನ್ನು ಅಂಟಿಸಬೇಕಾದದ್ದು ಸವಾರಿ ಮಾಡುವ ಬದಿಗಲ್ಲ, ಅದರ ಎದುರು ಬದಿಗೆ. ಎಡಗಾಲು ಮುಂದಿಟ್ಟು ನಿಲ್ಲುವವರು ಸಾಮಾನ್ಯವಾಗಿ ದೋಣಿಯ ಎಡಗಡೆಯ ಅಲೆಯಲ್ಲಿ ಸಾಗುತ್ತಾರೆ, ಅವರಿಗೆ ಶೇಪರ್ ಬಲಕ್ಕೆ ಬೇಕು. ಬಲಗಾಲು ಮುಂದಿಡುವವರಿಗೆ ಇದು ತಿರುವುಮುರುವು.

ಈ ಉಪಾಯ ಅಷ್ಟು ಹಳೆಯದೇನೂ ಅಲ್ಲ. ಮೊದಲೆಲ್ಲ ಅಲೆ ಬೇಕಿದ್ದವರು ಸವಾರಿಯ ಬದಿಯ ಹಿಂಮೂಲೆಗೆ ನೀರಿನ ಚೀಲಗಳನ್ನೂ ಜನರನ್ನೂ ಪೇರಿಸಿ ದೋಣಿಯನ್ನೇ ವಾಲಿಸುತ್ತಿದ್ದರು. ಇನ್ನೊಬ್ಬ ಸವಾರ ಎದುರು ಬದಿಯವನಾದರೆ ಚೀಲಗಳ ನೀರನ್ನೆಲ್ಲ ಖಾಲಿ ಮಾಡಿ ಆಚೆ ಮೂಲೆಗೆ ತುಂಬಬೇಕಿತ್ತು, ಅಲ್ಲಿಗೆ ಅರ್ಧ ಮಧ್ಯಾಹ್ನ ಮುಗಿದಿರುತ್ತಿತ್ತು. 2012ರಲ್ಲಿ ದೋಣಿ ತಯಾರಿಸುವ ಮಲಿಬು ಕಂಪನಿ ತನ್ನ 2013ರ ಮಾದರಿಗಳಿಗಾಗಿ ಸರ್ಫ್ ಗೇಟ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ದೋಣಿಯ ಹಿಂಬದಿಯಲ್ಲಿ ಬಾಗಿಲಿನಂಥ ಎರಡು ಫಲಕಗಳು. ಗುಂಡಿಯೊತ್ತಿದರೆ ಬೇಕಾದ ಬದಿಯದು ತೆರೆದುಕೊಳ್ಳುತ್ತದೆ, ದೋಣಿ ವಾಲದೆ ಸಮನಾಗಿಯೇ ಇರುತ್ತದೆ. ನಾಟೀಕ್ ಕಂಪನಿಯೂ ಅದೇ ಕಾಲಕ್ಕೆ ತನ್ನದೊಂದು ಸರ್ಫ್ ವ್ಯವಸ್ಥೆಯನ್ನು ತಂದಾಗ 2013ರಲ್ಲಿ ಇಬ್ಬರ ನಡುವೆ ಪೇಟೆಂಟ್ ವ್ಯಾಜ್ಯ ಹುಟ್ಟಿಕೊಂಡು, 2015ರಲ್ಲಿ ರಾಜಿಯಲ್ಲಿ ಮುಗಿಯಿತು. ಮಾಸ್ಟರ್‌ಕ್ರಾಫ್ಟ್ ಎಂಬ ಇನ್ನೊಂದು ದೋಣಿ ಕಂಪನಿಯ ಜೊತೆಗಿನ ಮಲಿಬುವಿನ ವ್ಯಾಜ್ಯಕ್ಕೆ 2017ರಲ್ಲಿ ತೆರೆಬಿತ್ತು. ಮನೆಯಲ್ಲೇ ಅಂಥ ತೆರೆಯುವ ಬಾಗಿಲುಗಳನ್ನು ಹುಬೇಹೂಬು ಕಟ್ಟಲು ಹೊರಡುವವರು ಇದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಅಮೆರಿಕದ ಪೇಟೆಂಟ್ ಕಾನೂನು ಮಾರಾಟವನ್ನಷ್ಟೇ ಅಲ್ಲ, ಅನುಮತಿಯಿಲ್ಲದೆ ತಯಾರಿಸುವುದನ್ನೂ ಬಳಸುವುದನ್ನೂ ತಡೆಯುತ್ತದೆ.

ನಾವು ಕಟ್ಟಿದ್ದು ತೆಗೆದು ಹಾಕುವ ಬಗೆಯದು. ಅದಕ್ಕೆ ಎರಡು ಭಾಗಗಳಿವೆ: ದೋಣಿಯ ಮೈಗೆ ಒರಗಿ ಕೂರುವ ಆಧಾರದ ಹಲಗೆ, ಮತ್ತು ಅದರಿಂದ ಹಿಂದಕ್ಕೆ ಹಾಗೂ ಹೊರಕ್ಕೆ ಓರೆಯಾಗಿ ಚಾಚಿಕೊಂಡ ರೆಕ್ಕೆ. ಎರಡನ್ನೂ ಅರ್ಧ ಅಂಗುಲ ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದೆವು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಬಿಳಿಯ ದಪ್ಪ ಮಣೆಗಳನ್ನು ಮಾಡುವುದು ಇದೇ ವಸ್ತುವಿನಿಂದ. ಮರಗೆಲಸದ ಗರಗಸವೇ ಇದನ್ನು ಕೊಯ್ಯುತ್ತದೆ, ಅಂಚನ್ನು ರಂದ ಹೊಡೆದು ದುಂಡಗೆ ಮಾಡಬಹುದು, ನೀರು ಹೀರುವುದಿಲ್ಲ. ಪ್ಲೈವುಡ್‌ಗೆ ಎಪಾಕ್ಸಿ ಎಂಬ, ಒಣಗಿ ಗಟ್ಟಿಯಾಗುವ ಅಂಟನ್ನು ಬಳಿದು ಮಾಡುವವರೂ ಇದ್ದಾರೆ. ಹಗುರ, ಗಟ್ಟಿ, ಅಗ್ಗ, ಎಲ್ಲವೂ ನಿಜ. ಆದರೆ ಅಂಚಿನಲ್ಲಿ ಎಲ್ಲಾದರೂ ಎಪಾಕ್ಸಿಯ ಪದರ ಕಿತ್ತುಹೋದರೆ ನೀರು ಒಳಹೊಕ್ಕು ಪದರಗಳು ಉಬ್ಬಿಕೊಳ್ಳುತ್ತವೆ, ಮತ್ತು ಈ ಸಾಧನದ ಅಂಚು ದೋಣಿ ನಿಲ್ಲಿಸುವ ಕಟ್ಟೆಗೂ ದೋಣಿಗೂ ಉಜ್ಜದೆ ಉಳಿಯುವುದಿಲ್ಲ. ಎಚ್‌ಡಿಪಿಇಯ ದೊಡ್ಡ ತೊಡಕೆಂದರೆ ಅದಕ್ಕೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ. ಎಪಾಕ್ಸಿ ಒಣಗಿದ ಮೇಲೆ ಉಗುರಿನಿಂದಲೇ ಎಬ್ಬಿಸಬಹುದು, ಬಣ್ಣವೂ ಸಿಪ್ಪೆಯಾಗಿ ಬರುತ್ತದೆ. ಆದ್ದರಿಂದ ರೆಕ್ಕೆ ಮತ್ತು ಆಧಾರಗಳ ನಡುವೆ ಬೆಣೆಯಾಕಾರದ ತುಂಡುಗಳನ್ನಿಟ್ಟು, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳಿಂದ, ಅಗಲವಾದ ವಾಷರ್ ಮತ್ತು ಒಳಗೆ ನೈಲಾನ್ ಉಂಗುರವಿದ್ದು ಸಡಿಲಗೊಳ್ಳದ ನಟ್ಟುಗಳನ್ನು ಹಾಕಿ ಬಿಗಿದೆವು. ಅಂಟಿನ ಬದಲು ಬೋಲ್ಟು ಹಾಕಿದ್ದರ ಅನುಕೂಲ ಆಮೇಲೆ ಕಂಡಿತು: ಬೆಣೆಯನ್ನು ಬದಲಿಸಿದರೆ ಸಾಕು, ರೆಕ್ಕೆಯ ಕೋನ ಬದಲಾಗುತ್ತದೆ.

ಇನ್ನು ಹಿಡಿತದ ವಿಚಾರ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ವೇಕ್‌ಸರ್ಫಿಂಗ್‌ನ ವೇಗ ಗಂಟೆಗೆ 10ರಿಂದ 12 ಮೈಲಿ. 11 ಮೈಲಿಯೆಂದು ಹಿಡಿದರೆ ಸೆಕೆಂಡಿಗೆ ಸುಮಾರು 5 ಮೀಟರ್, ಆ ವೇಗದ ನೀರನ್ನು ಅಡ್ಡಗಟ್ಟಿದಾಗ ಬೀಳುವ ಒತ್ತಡ ಸುಮಾರು 12 ಕಿಲೋಪಾಸ್ಕಲ್, ಅಂದರೆ ಚದರ ಮೀಟರಿಗೆ 1,200 ಕಿಲೋ ಭಾರದಷ್ಟು. ನಮ್ಮ ರೆಕ್ಕೆಯ ಎತ್ತರ 45 ಸೆಂಟಿಮೀಟರ್, ದೋಣಿಯ ಮೈಯಿಂದ ಹೊರಚಾಚುವುದು 15 ಸೆಂಟಿಮೀಟರ್. ಅಷ್ಟೇ ಚಿಕ್ಕ ತಡೆಯನ್ನು ಸುಮಾರು 80 ಕಿಲೋದಷ್ಟು ಬಲ ಹಿಂದಕ್ಕೆ ಎಳೆಯುತ್ತದೆ, ಒಬ್ಬ ದೊಡ್ಡಾಳು ಅದಕ್ಕೆ ಜೋತುಬಿದ್ದ ಹಾಗೆಯೇ ಲೆಕ್ಕ. ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ. ಶೇಪರನ್ನು ನೀರಿನಲ್ಲಿಟ್ಟುಕೊಂಡು ವೇಗವಾಗಿ ದಡಕ್ಕೆ ಮರಳುವುದು ಎಷ್ಟು ಅಪಾಯವೆಂಬುದು ಈ ಒಂದು ಲೆಕ್ಕದಿಂದಲೇ ಗೊತ್ತಾಗುತ್ತದೆ.

ಈ ಬಲವನ್ನು ತಡೆಯಲು ನಾವು ಆರಿಸಿಕೊಂಡದ್ದು ಗಾಜಿನ ಹಾಳೆಗಳನ್ನು ಎತ್ತುವ ಕೆಲಸಗಾರರು ಬಳಸುವ, ಒಳಗಿನ ಗಾಳಿಯನ್ನು ಹೊರಹಾಕಿ ಕಚ್ಚಿ ಹಿಡಿಯುವ, ಪಂಪ್ ಇರುವ 8 ಅಂಗುಲದ ಎರಡು ವ್ಯಾಕ್ಯೂಮ್ ಕಪ್‌ಗಳನ್ನು. ಒಟ್ಟು ಖರ್ಚಿನ ಬಹುಪಾಲು ಇವಕ್ಕೇ ಹೋಯಿತು, ಹೋಗಲೂ ಬೇಕು. ಟೈಲ್ಸ್ ಎತ್ತಲು ಸಿಗುವ ಅಗ್ಗದ ಸನ್ನೆಕೋಲಿನ ಹಿಡಿಯ ಕಪ್‌ಗಳನ್ನೂ ಗ್ಯಾರೇಜಿನಲ್ಲೇ ಪರೀಕ್ಷಿಸಿ ನೋಡಿದ್ದೆವು. ಅವು ಮೊದಲಿಗೆ ಗಟ್ಟಿಯಾಗಿಯೇ ಹಿಡಿಯುತ್ತವೆ, ಆದರೆ ಒಳಗಿನ ನಿರ್ವಾತ ಸೋರುತ್ತಿದ್ದರೆ ಅದನ್ನು ತಿಳಿಸುವ ಯಾವ ಗುರುತೂ ಅವುಗಳಲ್ಲಿಲ್ಲ. ಕಳಚಿ ಬಿದ್ದಾಗಲೇ ಗೊತ್ತಾಗಬೇಕು. ಪಂಪಿನ ಕಪ್‌ಗಳಲ್ಲಿ ಒತ್ತುವ ಗುಂಡಿಯ ಸುತ್ತ ಒಂದು ಕೆಂಪು ಗೆರೆಯಿದೆ. ದೋಣಿಯ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪಾಚಿಯ ಜಿಡ್ಡೂ ಮೇಣದ ಪದರವೂ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ, ರಬ್ಬರಿನ ಅಂಚನ್ನು ನೀರಿನಿಂದ ತೇವ ಮಾಡಿ ಒತ್ತಿ ಹಿಡಿದು ಪಂಪ್ ಮಾಡುತ್ತ ಹೋದರೆ ಆ ಗೆರೆ ಒಂದೊಂದೇ ಒತ್ತಿಗೆ ಒಳಕ್ಕೆ ಸರಿದು ಕಣ್ಮರೆಯಾಗುತ್ತದೆ. ಅದು ಮತ್ತೆ ಇಣುಕಿತೆಂದರೆ ಗಾಳಿ ಒಳಹೋಗುತ್ತಿದೆಯೆಂದು ಅರ್ಥ, ಕೂಡಲೇ ಇನ್ನೆರಡು ಬಾರಿ ಒತ್ತಬೇಕು. ಪ್ರತಿ ಸವಾರಿಯ ಮುನ್ನ ಹಿಂದಿನ ಮೆಟ್ಟಿಲಿನ ಮೇಲೆ ಬಗ್ಗಿ ಈ ಗೆರೆಯನ್ನು ನೋಡುವುದು ನಮ್ಮ ದೋಣಿಯಲ್ಲಿ ಈಗ ನಿಯಮವೇ ಆಗಿದೆ. ಎಂಜಿನ್ ಬಂದ್ ಮಾಡಿ, ಕೀಲಿಯನ್ನು ಕೈಯಲ್ಲಿ ಹಿಡಿದ ಮೇಲೆಯೇ ಯಾರಾದರೂ ಹಿಂದಕ್ಕೆ ಬಗ್ಗಬೇಕೆಂಬುದು ಅದರ ಜೊತೆಗಿನ ನಿಯಮ.

8 ಅಂಗುಲದ ಕಪ್‌ನೊಳಗೆ ಅರ್ಧದಷ್ಟು ನಿರ್ವಾತ ಬಂದರೂ ಅದನ್ನು ನೇರವಾಗಿ ಕಿತ್ತೆಳೆಯಲು 150 ಕಿಲೋಗೂ ಮಿಕ್ಕಿದ ಬಲ ಬೇಕಾಗುತ್ತದೆ. ಲೆಕ್ಕದಲ್ಲಿ ಒಂದೇ ಕಪ್ ಸಾಕೆನಿಸಿದರೂ ನೀರು ಎಳೆಯುವುದು ನೇರಕ್ಕಲ್ಲ, ಮೈಯುದ್ದಕ್ಕೆ. ಒದ್ದೆಯಾದ ಜೆಲ್‌ಕೋಟ್‌ನ, ಅಂದರೆ ದೋಣಿಯ ಮೈಯ ನುಣುಪಾದ ಹೊರಪದರದ ಮೇಲೆ ರಬ್ಬರ್ ಜಾರಲು ಅದಕ್ಕಿಂತ ಎಷ್ಟೋ ಕಡಿಮೆ ಬಲ ಸಾಕು. ಇನ್ನೊಂದು ಸೂಕ್ಷ್ಮವೂ ಇದೆ. ರೆಕ್ಕೆಯ ಮೇಲೆ ಬೀಳುವ ನೀರು ಸಾಧನದ ಹಿಂಭಾಗವನ್ನು ದೋಣಿಯ ಮೈಗೇ ಒತ್ತುತ್ತದೆ, ಆದರೆ ಅದೇ ಹೊತ್ತಿಗೆ ಮುಂಭಾಗವನ್ನು ಸುಲಿದು ಎಬ್ಬಿಸಲು ನೋಡುತ್ತದೆ. ಆದ್ದರಿಂದ ಕಪ್‌ಗಳನ್ನು ಒಂದರ ಮೇಲೊಂದು ಇಡದೆ ಒಂದರ ಹಿಂದೊಂದು ಇಟ್ಟೆವು, ಮುಂದಿನದನ್ನು ಆಧಾರದ ಹಲಗೆಯ ಮುಂಚೂಣಿಗೆ ಆದಷ್ಟೂ ಹತ್ತಿರ ತಂದೆವು, ಮತ್ತು ಹಲಗೆಯ ಮುಂಚೂಣಿಯನ್ನೇ ಚೂಪಾಗಿ ಇಳಿಜಾರು ಮಾಡಿ ಅದರಡಿಗೆ ನೀರು ನುಗ್ಗದಂತೆ ನೋಡಿಕೊಂಡೆವು. ಕಟ್ಟುವವರು ನನ್ನ ಮಾತಿನಲ್ಲಿ ಒಂದನ್ನಷ್ಟೇ ನೆನಪಿಡುವುದಾದರೆ ಇದನ್ನೇ ನೆನಪಿಡಲಿ. ದೋಣಿಯ ಪಕ್ಕ ಹಿಂತುದಿಯ ಬಳಿ ಎಲ್ಲೆಡೆ ಚಪ್ಪಟೆಯಾಗಿರುವುದಿಲ್ಲ. ಉಕ್ಕಿನ ಅಳತೆಪಟ್ಟಿಯೊಂದನ್ನು ಅಡ್ಡಲಾಗಿಟ್ಟು ಬೆಳಕು ತೂರದ ಜಾಗವನ್ನು ಹುಡುಕಬೇಕು. ಅಂಥ ಜಾಗ ಸಿಗದಿದ್ದರೆ ಬಾಗಿದ ಮೈಗೆಂದೇ ತಯಾರಾದ ಒಳಬಾಗಿನ ಕಪ್‌ಗಳು ಸಿಗುತ್ತವೆ.

ಎಷ್ಟೇ ಗಟ್ಟಿಯಾಗಿ ಹಿಡಿದರೂ ಒಂದಲ್ಲ ಒಂದು ದಿನ ಕಪ್ ಬಿಡುತ್ತದೆಂದೇ ತಿಳಿದು ನಡೆಯಬೇಕು. ಹಿಂದಿನ ಕೊಂಡಿಗೆ ಗಿಡ್ಡನೆಯ ಗಟ್ಟಿ ಹಗ್ಗದಿಂದ ಸಾಧನವನ್ನು ಕಟ್ಟಿರುತ್ತೇವೆ. ಹಗ್ಗದ ಉದ್ದವನ್ನು ಅಳೆದೇ ಇಟ್ಟಿದ್ದೇವೆ: ಕಳಚಿದ ಶೇಪರ್ ಸವಾರನನ್ನೂ ಮುಟ್ಟಬಾರದು, ಪ್ರೊಪೆಲರ್ ಕಡೆಗೂ ಹೋಗಬಾರದು. ಎಚ್‌ಡಿಪಿಇ ನೀರಿಗಿಂತ ಕೂದಲೆಳೆಯಷ್ಟೇ ಹಗುರ, ಕಪ್‌ಗಳ ಲೋಹ ಮತ್ತು ಬೋಲ್ಟುಗಳು ಸೇರಿದರೆ ಒಟ್ಟು ಸಾಧನ ಮುಳುಗಿಹೋಗುತ್ತದೆ. ಹಗ್ಗವೂ ತುಂಡಾದರೆ ತೇಲಲಿ ಎಂದು ರೆಕ್ಕೆಯ ಹಿಂಮೈಗೆ ನೀರು ಹೀರದ ಫೋಮ್ ತುಂಡುಗಳನ್ನು ಬೋಲ್ಟು ಹಾಕಿ ಕೂರಿಸಿ, ಮೇಲಂಚಿಗೆ ಕಿತ್ತಳೆ ಬಣ್ಣದ ಪಟ್ಟಿ ಬಿಗಿದಿದ್ದೇವೆ.

ಅಲೆಯ ವಿಷಯಕ್ಕೆ ಬರೋಣ. ಶೇಪರ್ ಇಲ್ಲದೆ, ಹಿಂದಿನ ಎರಡೂ ಮೂಲೆಗಳ ಚೀಲಗಳಿಗೆ ಸಮನಾಗಿ ನೀರು ತುಂಬಿ ಓಡಿಸಿದಾಗ ನಮ್ಮ ದೋಣಿಯ ಹಿಂದೆ ಮೊಣಕಾಲೆತ್ತರದ ಅಲೆ ಏಳುತ್ತಿತ್ತು, ಆದರೆ ಅದರ ತುದಿಯಿಂದ ಬುಡದವರೆಗೂ ಬಿಳಿನೊರೆ. ಹಗ್ಗ ಬಿಟ್ಟ ಮರುಗಳಿಗೆಯೇ ಸವಾರ ಹಿಂದುಳಿಯುತ್ತಿದ್ದ. ಶೇಪರನ್ನು ಬಲಕ್ಕೆ ಅಂಟಿಸಿ ಅದೇ ಭಾರ, ಅದೇ ವೇಗದಲ್ಲಿ ಸಾಗಿದಾಗ ಎಡಗಡೆಯ ನೊರೆ ಹಿಂದಕ್ಕೆ ಸರಿದು, ಅಲೆಯ ತುದಿ ಮಾತ್ರ ತೆಳ್ಳಗೆ ಬಿಳಿಯಾಗಿ ಉಳಿದು, ಅದರಡಿಯಲ್ಲಿ ಹಸಿರು ಬಣ್ಣದ ನಯವಾದ ಇಳಿಜಾರು ತೆರೆದುಕೊಂಡಿತು. ಎತ್ತರವೂ ತುಸು ಹೆಚ್ಚಿತು, ಆದರೆ ನನ್ನ ಮಟ್ಟಿಗೆ ಎತ್ತರಕ್ಕಿಂತ ಮುಖ್ಯವಾದದ್ದು ಅಲೆಯ ಉದ್ದ. ಸವಾರ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುವಷ್ಟು ಜಾಗ ಸಿಕ್ಕಿತು. ನನ್ನ ಭಾವಮೈದುನ ಮೂಲ್ಕಿಯ ಕಡಲಲ್ಲಿ ಸರ್ಫಿಂಗ್ ಕಲಿತವನು. ಅಲ್ಲಿ ಬಂದ ಅಲೆಯನ್ನು ಹಿಡಿದು ಕೆಲವೇ ಕ್ಷಣ ಸವಾರಿ ಮಾಡಿ ಮತ್ತೆ ಕೈಯಲ್ಲಿ ಈಜುತ್ತ ಒಳಕ್ಕೆ ಹೋಗಬೇಕು. ಇಲ್ಲಿ ಅಲೆ ಮುಗಿಯುವುದೇ ಇಲ್ಲ, ಮುಗಿಯುವುದು ಕಾಲಿನ ಶಕ್ತಿ. ದೋಣಿ ಹತ್ತಿದವನೇ ಅವನು ಹೇಳಿದ ಮಾತು ಇದು: “ಭಾವ, ನಾನು ಹಗ್ಗ ಬಿಟ್ಟರೂ ಅಲೆ ನನ್ನನ್ನು ಬಿಡಲಿಲ್ಲ.” ಮುಂದಿನ ಕಾಲಿಗೆ ಭಾರ ಕೊಟ್ಟೆಯೇನೋ ಎಂದು ಕೇಳಿದರೆ, ಕೊಟ್ಟರೆ ದೋಣಿಗೇ ಹೋಗಿ ತಾಗುವಷ್ಟು ವೇಗ ಬರುತ್ತಿತ್ತು, ಹಿಂಗಾಲನ್ನು ಒತ್ತಿ ತಡೆಯಬೇಕಾಯಿತು ಎಂದ. ಅಲೆಯ ತಳ್ಳುವ ಶಕ್ತಿಗೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನಗೆ ಬೇಕಿರಲಿಲ್ಲ.

ಯಾವ ಕೋನ, ಯಾವ ಜಾಗ ಎಂಬುದನ್ನು ಬೆಣೆಗಳನ್ನು ಬದಲಿಸುತ್ತ ಕಂಡುಕೊಂಡೆವು. ರೆಕ್ಕೆ ದೋಣಿಯ ಮೈಯಿಂದ 30 ಡಿಗ್ರಿಯಲ್ಲಿದ್ದಾಗ ನೊರೆ ಪೂರ್ತಿ ಸರಿಯಲಿಲ್ಲ, 50 ಡಿಗ್ರಿಗೆ ಹೋದಾಗ ಅಲೆ ಹೆಚ್ಚೇನೂ ಚೆಂದವಾಗದೆ ದೋಣಿಯ ಎಳೆತ ಮಾತ್ರ ಹೆಚ್ಚಿತು. 40ರ ಆಸುಪಾಸು ನಮ್ಮ ದೋಣಿಗೆ ಹೊಂದಿತು. ಆದರೆ ಕೋನಕ್ಕಿಂತ ಜಾಗವೇ ದೊಡ್ಡದು. ಹಿಂತುದಿಯಿಂದ 6ರಿಂದ 8 ಅಂಗುಲ ಮುಂದಕ್ಕೆ, ದೋಣಿಯ ಪಕ್ಕ ತಳಕ್ಕೆ ತಿರುಗುವ ಅಂಚಿಗೆ ಹತ್ತಿರವಾಗಿ, ರೆಕ್ಕೆಯೆಲ್ಲ ನೀರಿನೊಳಗೇ ಇರುವಂತೆ ಅಂಟಿಸಿದಾಗ ಅತ್ಯಂತ ನಯವಾದ ಅಲೆ ಬಂತು. ಮೇಲಂಚು ನೀರಿನಿಂದ ಹೊರಗಿಣುಕಿದರೆ ರೆಕ್ಕೆಯ ಬೆನ್ನಿಗೆ ಗಾಳಿ ಎಳೆದುಕೊಂಡು, ಪಕ್ಕಕ್ಕೆ ಕಾರಂಜಿಯಂತೆ ನೀರು ಚಿಮ್ಮುತ್ತದೆ, ಅಲೆಯೂ ಕುಂದುತ್ತದೆ.

ಭಾರವಿಲ್ಲದೆ ಈ ಸಾಧನದಿಂದ ಏನನ್ನೂ ನಿರೀಕ್ಷಿಸಬಾರದು. ಶೇಪರ್ ಅಲೆಯನ್ನು ತಿದ್ದುತ್ತದೆ, ಹುಟ್ಟಿಸುವುದು ದೋಣಿ ಒತ್ತರಿಸುವ ನೀರು. ಹಿಂದಿನ ಎರಡು ಮೂಲೆಗಳಲ್ಲಿ 750 ಪೌಂಡ್, ಅಂದರೆ 340 ಕಿಲೋ ನೀರು ಹಿಡಿಯುವ ಒಂದೊಂದು ಚೀಲ, ಮೂತಿಯಲ್ಲಿ ಅದಕ್ಕಿಂತ ಚಿಕ್ಕದೊಂದು ನಮ್ಮ ವ್ಯವಸ್ಥೆ. ಮೂತಿಯ ಭಾರ ಅಲೆಯನ್ನು ಉದ್ದ ಮಾಡುತ್ತದೆ, ಹಿಂದಿನದು ಎತ್ತರಿಸುತ್ತದೆ. ಈ ಚೀಲಗಳ ತೂಕವನ್ನೂ ಕುಳಿತವರ ತೂಕವನ್ನೂ ಕೂಡಿಸಿ, ದೋಣಿಯಲ್ಲಿ ಬರೆದಿರುವ ಗರಿಷ್ಠ ಭಾರದ ಮಿತಿಯೊಳಗೇ ಇರಬೇಕು. ಸರೋವರದಲ್ಲಿ ಕೆಲವರು ಅದನ್ನು ಮೀರಿ ತುಂಬುವುದನ್ನು ನೋಡಿ ನನಗೆ ನಿಜಕ್ಕೂ ಭಯವಾಗುತ್ತದೆ. ತಗ್ಗಿದ ಮೂತಿಯ ದೋಣಿಯನ್ನು ಬಿದ್ದ ಸವಾರನಿಗಾಗಿ ಗಕ್ಕನೆ ತಿರುಗಿಸಿ ನಿಧಾನಿಸಿದಾಗ, ತನ್ನದೇ ಅಲೆ ಮೂತಿಯ ಮೇಲಿಂದ ಒಳನುಗ್ಗುತ್ತದೆ.

ಅಂಗಡಿಯ ಶೇಪರ್‌ಗಳ ಜೊತೆ ಹೋಲಿಸುವುದು ನ್ಯಾಯ. ನೆರೆಯವರೊಬ್ಬರ ಬಳಿಯಿದ್ದದ್ದನ್ನು ನಮ್ಮದೇ ದೋಣಿಗೆ ಹಾಕಿ ನೋಡಿದೆವು. ಅಲೆಯಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಭಾವಮೈದುನನಿಗೂ ಕಾಣಲಿಲ್ಲ. ಆದರೆ ಅದು ನಮ್ಮದಕ್ಕಿಂತ ಹಗುರ, ಅಚ್ಚಿನಲ್ಲೇ ಟೊಳ್ಳಾಗಿ ಎರಕವಾದ್ದರಿಂದ ತಾನಾಗಿ ತೇಲುತ್ತದೆ, ಮಗುಚಿ ಹಿಡಿದರೆ ಎಡಕ್ಕೂ ಬಲಕ್ಕೂ ಒಗ್ಗುತ್ತದೆ. ನಮ್ಮದರ ಸಾಮಗ್ರಿಗೆ 200 ಡಾಲರ್ ಒಳಗೇ ಮುಗಿಯಿತು. ಅಂಗಡಿಯದಕ್ಕೆ ಅದಕ್ಕಿಂತ ಹೆಚ್ಚಾದರೂ ಗ್ಯಾರೇಜಿನಲ್ಲಿ ಕಳೆದ ಸಂಜೆಗಳನ್ನು ಲೆಕ್ಕಕ್ಕೆ ಹಿಡಿದರೆ ಉಳಿತಾಯವೆಂಬುದು ದೊಡ್ಡ ಕಾರಣವಾಗಿ ಉಳಿಯುವುದಿಲ್ಲ. ಕೋನವನ್ನು ಬದಲಿಸಿ ತನ್ನ ದೋಣಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಕೊಂಡದ್ದರಲ್ಲಿ ಸಿಗದು, ನಾನು ಮತ್ತೊಮ್ಮೆ ಕಟ್ಟುವುದಾದರೆ ಅದಕ್ಕಾಗಿಯೇ ಕಟ್ಟುತ್ತೇನೆ.

ಇನ್ನೊಂದು ದಾರಿ ದೋಣಿಯ ಹಿಂಗೋಡೆಗೇ ಕೀಲು ಹಾಕಿ ಫಲಕಗಳನ್ನು ಕೂರಿಸಿ, 12 ವೋಲ್ಟ್‌ನ ವಿದ್ಯುತ್ ಆಕ್ಚುಯೇಟರ್‌ಗಳಿಂದ, ಅಂದರೆ ಮೋಟಾರಿನಿಂದ ಚಾಚಿ ಮಡಿಚುವ ದಂಡಗಳಿಂದ, ತೆರೆದು ಮುಚ್ಚುವುದು. ಗುಂಡಿಯೊತ್ತಿದರೆ ಬದಿ ಬದಲಾಗುತ್ತದೆ, ಬಗ್ಗಿ ಅಂಟಿಸುವ ಗೋಜಿಲ್ಲ. ಆದರೆ ಅದಕ್ಕೆ ನೀರಿನ ಮಟ್ಟಕ್ಕಿಂತ ಕೆಳಗೆ ದೋಣಿಯನ್ನು ತೂತು ಮಾಡಬೇಕು. ಪ್ರತಿ ತೂತಿಗೂ ಒಳ್ಳೆಯ ಸಾಗರ ದರ್ಜೆಯ ಸೀಲಂಟ್ ತುಂಬಬೇಕು, ಹಳೆಯ ದೋಣಿಗಳ ಹಿಂಗೋಡೆಯೊಳಗೆ ಮರವಿದ್ದರೆ ಅಲ್ಲಿ ಸೋರಿದ ನೀರು ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಕೊಳೆಸುತ್ತದೆ. ಫೈಬರ್ ಕೆಲಸದಲ್ಲಿ ಪಳಗಿದವರಿಗಲ್ಲದೆ ಇದನ್ನು ನಾನು ಯಾರಿಗೂ ಸೂಚಿಸಲಾರೆ.

ನಮ್ಮ ಸಾಧನದ ಕೊರತೆಗಳನ್ನೂ ಹೇಳಬೇಕು. ಎಳೆತವೆಲ್ಲ ಒಂದೇ ಬದಿಗೆ ಬೀಳುವುದರಿಂದ ದೋಣಿ ಶೇಪರ್ ಇರುವ ಕಡೆಗೇ ತಿರುಗಲು ನೋಡುತ್ತದೆ, ಚಾಲಕ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತುಸು ಹಿಡಿದೇ ಇರಬೇಕು. ಉದ್ದದ ಸವಾರಿಯಲ್ಲಿ ಕೈ ಸೋಲುತ್ತದೆ. ವೇಗ ಅರ್ಧ ಮೈಲಿ ಹೆಚ್ಚುಕಡಿಮೆಯಾದರೂ ಅಲೆಯ ಆಕಾರ ಬದಲಾಗುವುದರಿಂದ ಜಿಪಿಎಸ್ ಆಧಾರದ ವೇಗ ನಿಯಂತ್ರಕ ಇರುವ ದೋಣಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಇಲ್ಲದಿದ್ದರೆ ಚಾಲಕನ ಕೈಚಳಕವೇ ಗತಿ. ಬದಿ ಬದಲಿಸಬೇಕಾದಾಗ ದೋಣಿ ನಿಲ್ಲಿಸಿ, ಎಂಜಿನ್ ಆರಿಸಿ, ಬೋಲ್ಟು ಬಿಚ್ಚಿ ರೆಕ್ಕೆಯನ್ನು ತಿರುಗಿಸಿ ಹಾಕಬೇಕು.

ಯಾವ ದೋಣಿಗೆ ಇದು ಸಲ್ಲದು ಎಂಬುದರಲ್ಲಿ ಎರಡು ಮಾತಿಲ್ಲ. ಪ್ರೊಪೆಲರ್ ಹಿಂಗೋಡೆಯಾಚೆ ಚಾಚಿಕೊಂಡಿರುವ ಔಟ್‌ಬೋರ್ಡ್ ಮತ್ತು ಸಾಮಾನ್ಯ ಸ್ಟರ್ನ್‌ಡ್ರೈವ್ ದೋಣಿಗಳ ಹಿಂದೆ ವೇಕ್‌ಸರ್ಫಿಂಗ್ ಮಾಡಲೇಬಾರದು, ಶೇಪರ್ ಇದ್ದರೂ ಅಷ್ಟೇ. ಸವಾರ ಸಾಗುವುದು ದೋಣಿಯಿಂದ ಐದು ಹತ್ತು ಅಡಿ ದೂರದಲ್ಲಿ. ಮುಂದಕ್ಕೆ ಬಿದ್ದರೆ ತಿರುಗುವ ಅಲಗಿನ ಮೇಲೆಯೇ ಬೀಳುತ್ತಾನೆ. ನಮ್ಮ ವಿ-ಡ್ರೈವ್‌ನಂಥ ಇನ್‌ಬೋರ್ಡ್ ದೋಣಿಗಳಲ್ಲಿ ಪ್ರೊಪೆಲರ್ ಒಡಲಿನ ಅಡಿಯಲ್ಲಿ ಅಡಗಿರುತ್ತದೆ. ಎರಡನೆಯ ಅಪಾಯ ಎಂಜಿನ್ ಹೊಗೆಯಲ್ಲಿರುವ, ಕಣ್ಣಿಗೂ ಮೂಗಿಗೂ ತಿಳಿಯದೆ ಪ್ರಾಣ ತೆಗೆಯಬಲ್ಲ ಅನಿಲ ಕಾರ್ಬನ್ ಮಾನಾಕ್ಸೈಡ್. ನಿಧಾನವಾಗಿ ಸಾಗುವ ದೋಣಿಯ ಹಿಂದೆ ಹೊಗೆ ಮತ್ತೆ ಒಳಕ್ಕೇ ಎಳೆದುಕೊಳ್ಳುತ್ತದೆ, ಸವಾರನೂ ಹಿಂದಿನ ಸೀಟಿನ ಮಕ್ಕಳೂ ಅದನ್ನೇ ಉಸಿರಾಡುತ್ತಾರೆ. ದೋಣಿಯ ಹಿಂದಿನ ಮೆಟ್ಟಿಲನ್ನು ಹಿಡಿದು ತೇಲುವುದನ್ನು ಕ್ಯಾಲಿಫೋರ್ನಿಯಾ 2005ರಿಂದ ಕಾನೂನಿನಲ್ಲೇ ನಿಷೇಧಿಸಿದ್ದು ಇಂಥ ಸಾವುಗಳನ್ನು ತಡೆಯಲೆಂದೇ. ಹೊಗೆಯನ್ನು ಪ್ರೊಪೆಲರ್‌ನ ನೀರಿನಡಿಗೆ ತಿರುಗಿಸುವ ಕೊಳವೆಯನ್ನು ಶೇಪರ್‌ಗಿಂತ ಮೊದಲು ಹಾಕಿಸಿಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ. ಲೈಫ್ ಜಾಕೆಟ್, ಸವಾರನ ಮೇಲೆ ಕಣ್ಣಿಡಲು ಚಾಲಕನಲ್ಲದೆ ಇನ್ನೊಬ್ಬರು, ಚಾಲಕನ ಮೈಗೆ ಸಿಕ್ಕಿಸಿದ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ದಾರ, ಇವಿಲ್ಲದೆ ನಾವು ದಡ ಬಿಡುವುದಿಲ್ಲ.

ಅಲೆ ದೊಡ್ಡದಾದಷ್ಟೂ ಅದರ ಹೊಣೆಯೂ ನಮ್ಮದೇ. ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಡದಿಂದ 200 ಅಡಿ ದೂರದಲ್ಲಿ ಸಾಗುವ ಸಾಮಾನ್ಯ ದೋಣಿಯ ಅಲೆಯ ಮಟ್ಟಕ್ಕೆ ವೇಕ್‌ಸರ್ಫಿಂಗ್‌ನ ಅಲೆ ಇಳಿಯಬೇಕಾದರೆ 500 ಅಡಿಗೂ ಹೆಚ್ಚು ದೂರ ಬೇಕು. ವರ್ಮಾಂಟ್ ರಾಜ್ಯ 2024ರಲ್ಲಿ ಇದೇ 500 ಅಡಿಯ ದೂರವನ್ನೂ 20 ಅಡಿಯ ಆಳವನ್ನೂ ನಿಯಮವಾಗಿಸಿತು. ಟೆಕ್ಸಸ್‌ನಲ್ಲಿ ಅಂಥ ನಿಯಮವಿಲ್ಲದಿದ್ದರೂ ನಾವು ಅದನ್ನೇ ಪಾಲಿಸುತ್ತೇವೆ, ಲೇಕ್ ಟ್ರಾವಿಸ್‌ನ ಅಗಲವಾದ ಭಾಗಗಳಲ್ಲಿ ಅದು ಕಷ್ಟವೂ ಅಲ್ಲ. ಅದಕ್ಕೆ ಕೆಳಗಿರುವ ಲೇಕ್ ಆಸ್ಟಿನ್ ನದಿಯಂತೆ ಇಕ್ಕಟ್ಟು, ಅದರ ದಡದ ಗೋಡೆಗಳಿಗೆ ಅಪ್ಪಳಿಸಿ ಅಲೆ ಮರಳಿ ಬರುತ್ತದೆ. ಅಲ್ಲಿಗೆ ನಾವು ಶೇಪರ್ ಒಯ್ಯುವುದಿಲ್ಲ. ಚೀಲಗಳ ನೀರಿನ ಬಗ್ಗೆಯೂ ಎಚ್ಚರ ಬೇಕು. ಲೇಕ್ ಟ್ರಾವಿಸ್‌ನಲ್ಲಿ 2017ರಲ್ಲಿ ಜೀಬ್ರಾ ಮಸಲ್ ಎಂಬ ಹೊರನಾಡಿನ ಚಿಪ್ಪುಜೀವಿ ಪತ್ತೆಯಾಯಿತು, ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ಒಂದು ಚೀಲದ ನೀರಿನಲ್ಲಿ ಇನ್ನೊಂದು ಸರೋವರಕ್ಕೆ ಪ್ರಯಾಣ ಮಾಡಬಲ್ಲವು. ಸಾರ್ವಜನಿಕ ಜಲಾಶಯದಿಂದ ಹೊರಡುವಾಗ ದೋಣಿಯ ನೀರನ್ನೆಲ್ಲ ಹರಿಸಿಬಿಡಬೇಕೆಂಬ ನಿಯಮ 2014ರಿಂದ ಟೆಕ್ಸಸ್‌ನಾದ್ಯಂತ ಇದೆ. ಶೇಪರ್‌ನ ಫೋಮ್ ಸಂದಿಗಳಲ್ಲೂ ಕಪ್‌ಗಳ ಒಳಗೂ ನೀರು ನಿಲ್ಲುತ್ತದೆ. ಅವನ್ನೂ ಬಿಸಿಲಿನಲ್ಲಿ ಪೂರ್ತಿ ಒಣಗಿಸುತ್ತೇವೆ.

ಬೇಸಿಗೆ ಮುಗಿಯುವ ಹೊತ್ತಿಗೆ ಪ್ಲಾಸ್ಟಿಕ್ಕಿಗೂ ಬೋಲ್ಟುಗಳಿಗೂ ಏನೂ ಆಗಿಲ್ಲ. ದೋಣಿಯ ಜೆಲ್‌ಕೋಟ್‌ನ ಮೇಲೆ ಕಪ್‌ಗಳ ಮಸುಕು ಉಂಗುರ ಉಳಿದಿತ್ತು, ಪಾಲಿಶ್ ಹಾಕಿದಾಗ ಹೋಯಿತು. ಮುಂದಿನ ಕಪ್‌ನ ರಬ್ಬರಿನ ಅಂಚು ಮಾತ್ರ ಸಣ್ಣಗೆ ಸವೆದಿದೆ. ರಬ್ಬರ್ ಬಿಡಿಯಾಗಿ ಸಿಗುತ್ತದೆ, ಮುಂದಿನ ಬೇಸಿಗೆಗೆ ಎರಡನ್ನೂ ಬದಲಿಸಿಯೇ ನೀರಿಗಿಳಿಸುತ್ತೇವೆ. ಬಿಸಿಲಲ್ಲಿ ಬಿಟ್ಟರೆ ರಬ್ಬರ್ ಬೇಗ ಗಡಸಾಗುವುದರಿಂದ ಕಪ್‌ಗಳಿಗೆ ಬಟ್ಟೆಯ ಮುಸುಕು ಹಾಕಿ ನೆರಳಿನಲ್ಲಿಡಬೇಕು. ಟ್ರೇಲರ್‌ಗೆ ದೋಣಿ ಏರಿಸುವ ಮುನ್ನ ಶೇಪರನ್ನು ಬಿಚ್ಚಿಡುವುದಂತೂ ಕಡ್ಡಾಯ, ಇಲ್ಲದಿದ್ದರೆ ಪಕ್ಕದ ಕಂಬಗಳು ಅದನ್ನು ಕಿತ್ತೊಗೆಯುತ್ತವೆ. ಈ ಚಳಿಗಾಲದಲ್ಲಿ ನಾವು ಕಟ್ಟಲು ಹೊರಟಿರುವ ಎರಡನೆಯ ಶೇಪರ್‌ಗೆ ಮೇಲೂ ಕೆಳಗೂ ಒಂದೇ ಆಕಾರವಿರುತ್ತದೆ. ಬಲಗಾಲು ಮುಂದಿಟ್ಟು ನಿಲ್ಲುವ ನನ್ನ ಮಗಳ ಸರದಿ ಬಂದಾಗ, ಬೋಲ್ಟು ಬಿಚ್ಚದೆ, ಅದನ್ನು ಮಗುಚಿ ಎಡಬದಿಗೆ ಒತ್ತಿದರೆ ಸಾಕಾಗುತ್ತದೆ.